ಊರಿನ ಚರಿತ್ರೆಗೆ ಡಾಲರಿನ ಬೀಗ

ರಾಯಚೂರಿನ ಬಸ್ ನಿಲ್ದಾಣದಲ್ಲಿ ಇಳಿದವರು ಕೋಟೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಪಕ್ಕದಲ್ಲೇ ಇದೆ. ಮಾನ್ವಿ, ದೇವದುರ್ಗಗಳಿಂದ ದಿನವೂ ಬಂದು ಹೋಗುವ ವಿದ್ಯಾರ್ಥಿಗಳಿಗೆ ಅದು ಕಣ್ಣಿಗೆ ಬಿದ್ದೂ ಬೀಳದಷ್ಟು ರೂಢಿಯಾದ ನೋಟ. ಆ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗೂ ಮೀರಿದ ಉದ್ದದ ಒಂದು ಕಲ್ಲಿದೆ. ಕಾಕತೀಯರ ಸಾಮಂತನಾದ ಗೋನ ಗನ್ನಯ್ಯ ರೆಡ್ಡಿಯ ಕಡೆಯವನಾದ ವಿಠ್ಠಲನಾಥನು 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದ ಸಂಗತಿ ಅದರ ಮೇಲಿನ ಶಾಸನದಿಂದ ತಿಳಿಯುತ್ತದೆ. ಅಂಥ ಭಾರಿ ಕಲ್ಲನ್ನು ಗಾಡಿಗೆ ಏರಿಸಿ, ಸಾಲುಗಟ್ಟಿದ ಜಾನುವಾರುಗಳಿಂದ ಎಳೆಸಿ ತಂದ ಚಿತ್ರವನ್ನೂ ಅಲ್ಲಿ ಗೀರಿದ್ದಾರೆ. ಏಳು ಶತಮಾನಗಳಿಂದ ಬಿಸಿಲು ಮಳೆಗೆ ಮೈಯೊಡ್ಡಿರುವ ಈ ಬರಹ, ಓದಬಲ್ಲವರು ಯಾರೇ ಬಂದರೂ ಚಂದಾ ಕೇಳಿದ್ದಿಲ್ಲ.

ಅದೇ ಕೋಟೆಯ ಬಗ್ಗೆ ಇತ್ತೀಚೆಗೆ ವಿದ್ವಾಂಸರು ಬರೆದದ್ದನ್ನು ಓದಬೇಕೆಂದರೆ ಮಾತು ಬೇರೆ.

ಮಾನ್ವಿಯ ಕಡೆಯ ಒಬ್ಬ ವಿದ್ಯಾರ್ಥಿನಿ ಇತಿಹಾಸದ ಎಂ.ಎ. ಓದುತ್ತಿದ್ದಾಳೆ, ಕಿರುಪ್ರಬಂಧಕ್ಕೆ ರಾಯಚೂರಿನ ಯುದ್ಧವನ್ನು ಆರಿಸಿಕೊಂಡಿದ್ದಾಳೆ ಎಂದಿಟ್ಟುಕೊಳ್ಳಿ. ಒಳ್ಳೆಯ ವಿಷಯವೇ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಟ್ಟಲೆ ಬಡಿದಾಡಿದರು. ಆ ಕಾಳಗಗಳಲ್ಲೆಲ್ಲ ಹೆಸರಾದದ್ದು 1520ರಲ್ಲಿ ಕೃಷ್ಣದೇವರಾಯನು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಕೋಟೆ ಹಿಡಿದ ಯುದ್ಧ. ಅದರ ಮುಖ್ಯ ಸಮಕಾಲೀನ ಆಕರಗಳಲ್ಲೊಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜನ ವೃತ್ತಾಂತ. ಅದನ್ನು ಇಂಗ್ಲಿಷಿಗೆ ತಂದು, ಯುದ್ಧದ ವರ್ಷ ನೂನಿಜ್ ಹೇಳಿದ 1522 ಅಲ್ಲ, 1520 ಎಂದು ವಾದಿಸಿದವನು ರಾಬರ್ಟ್ ಸಿವೆಲ್. ಅವನ ‘ಎ ಫರ್ಗಾಟನ್ ಎಂಪೈರ್’ ಪ್ರಕಟವಾದದ್ದು 1900ರಲ್ಲಿ. ಸಿವೆಲ್ 1925ರಲ್ಲಿ ತೀರಿಕೊಂಡ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕ ತೀರಿಕೊಂಡು 60 ವರ್ಷ ಕಳೆದ ಮೇಲೆ ಪುಸ್ತಕ ಎಲ್ಲರದೂ ಆಗುತ್ತದೆ. ಆದ್ದರಿಂದ ಈ ಗ್ರಂಥವನ್ನು ಯಾರು ಬೇಕಾದರೂ ಮೊಬೈಲಿಗೆ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು.

ಆದರೆ ಸಿವೆಲ್ಲನ ನಂತರ ನೂರು ವರ್ಷ ಇತಿಹಾಸಕಾರರು ಕೈಕಟ್ಟಿ ಕುಳಿತಿರಲಿಲ್ಲ. ಅಮೆರಿಕದ ವಿದ್ವಾಂಸ ರಿಚರ್ಡ್ ಈಟನ್ 2009ರಲ್ಲಿ ‘ಮಾಡರ್ನ್ ಏಷ್ಯನ್ ಸ್ಟಡೀಸ್’ ಪತ್ರಿಕೆಯಲ್ಲಿ ಇದೇ ಯುದ್ಧದ ಮೇಲೆ ದೀರ್ಘ ಪ್ರಬಂಧ ಬರೆದರು. ಸೋತ ಆದಿಲ್ ಶಾಹನಿಗೆ ಕೃಷ್ಣದೇವರಾಯ ತನ್ನ ಪಾದಕ್ಕೆ ಮುತ್ತಿಡಬೇಕೆಂದು ವಿಧಿಸಿದ ಷರತ್ತೇ ಪ್ರಬಂಧದ ಶೀರ್ಷಿಕೆ. ಕುತೂಹಲದ ಪ್ರಶ್ನೆಗಳು ಅದರಲ್ಲಿವೆ. ಫಿರಂಗಿಗಳ ಬಲ ಹೆಚ್ಚಾಗಿದ್ದದ್ದು ಬಿಜಾಪುರದ ಕಡೆಗೆ. ಗೆದ್ದದ್ದು ಮಾತ್ರ ವಿಜಯನಗರ. ಕೋಟೆಯ ಮುತ್ತಿಗೆಯಲ್ಲಿ ಗೋಡೆಯ ಮೇಲಿನ ಕಾವಲಿನವರನ್ನು ಗುರಿಯಿಟ್ಟು ಉರುಳಿಸಿದವರು ಕ್ರಿಸ್ಟೊವಾವೊ ಡಿ ಫಿಗೇರೆದೊ ಎಂಬವನ ಜೊತೆಗಿದ್ದ ಪೋರ್ಚುಗೀಸ್ ಬಂದೂಕಿನವರು. ಹಾಗಾದರೆ ಗೆದ್ದವನು ಸಿಡಿಮದ್ದಿನಿಂದ ಕಲಿತದ್ದೇನು, ಸೋತವನು ಕಲಿತದ್ದೇನು? ಗೆಲುವಿನ ಅಮಲಿನಲ್ಲಿ ಆಡಿದ ಮಾತಿಗೂ 1565ರ ತಾಳಿಕೋಟೆಗೂ ನಂಟಿದೆಯೇ? ರಾಯಚೂರಿನ ವಿದ್ಯಾರ್ಥಿನಿ ಓದಲೇಬೇಕಾದ ಬರಹ ಇದು.

‘ಮಾಡರ್ನ್ ಏಷ್ಯನ್ ಸ್ಟಡೀಸ್’ ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯ ಪ್ರಕಟಿಸುವ, ಚಂದಾದಾರ ಸಂಸ್ಥೆಗಳನ್ನು ನಂಬಿ ಬೆಳೆದ ಪತ್ರಿಕೆ. ಇಂಥ ಪತ್ರಿಕೆಗಳ ಪ್ರಬಂಧವನ್ನು ತೆರೆಯಹೋದರೆ ಮೊದಲ ಪುಟದ ಸಾರಾಂಶ ಕಾಣುತ್ತದೆ; ಅದರ ಕೆಳಗೆ ಹಣ ಕೇಳುವ ಪಟ್ಟಿ. ಒಂದು ಪ್ರಬಂಧಕ್ಕೆ ಮೂವತ್ತು ನಲವತ್ತು ಡಾಲರು ಸಾಮಾನ್ಯ ದರ. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಯ ಆಚೀಚೆ. ಕಿರುಪ್ರಬಂಧವೊಂದಕ್ಕೆ ಇಂಥ ಹತ್ತು ಬರಹಗಳಾದರೂ ಬೇಕು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಸ್ಥಿತಿ ಎಂದರೆ ಇದೇ. ಇಂಗ್ಲಿಷಿನಲ್ಲಿ ಇದಕ್ಕೆ ‘ಪೇವಾಲ್’ ಎಂಬ ಹೆಸರು. ಹಣದ ಗೋಡೆ ಎನ್ನೋಣ.

ಈ ಗೋಡೆಯ ಪರಿಣಾಮ ಬರಿಯ ಖರ್ಚಿನದಲ್ಲ. ಹಳೆಯದು ಪುಕ್ಕಟೆ, ಹೊಸದಕ್ಕೆ ದುಡ್ಡು ಎಂದಾಗ ದುಡ್ಡಿಲ್ಲದವರ ತಿಳಿವಳಿಕೆಯೇ ಹಳೆಯದಾಗಿ ಉಳಿಯುತ್ತದೆ. 1900ರ ಇಸವಿಯ ರಾಯಚೂರು ವಿದ್ಯಾರ್ಥಿನಿಗೆ ಸಿಗುತ್ತದೆ, 2009ರ ರಾಯಚೂರು ಸಿಗುವುದಿಲ್ಲ. ಅವಳ ಪ್ರಬಂಧದ ಆಕರಗಳ ಪಟ್ಟಿಯನ್ನು ನೋಡಿ ‘ಹಳಸಲು’ ಎಂದು ಮೂಗು ಮುರಿಯುವ ಪರೀಕ್ಷಕರು, ಆ ಪಟ್ಟಿ ಯಾವ ಕಾರಣದಿಂದ ಹಳತಾಯಿತು ಎಂದು ಕೇಳುವುದು ಕಡಿಮೆ.

ಇದೇ ಜಿಲ್ಲೆಯ ಮಸ್ಕಿಯ ಕತೆಯನ್ನೂ ನೋಡಬಹುದು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬವನಿಗೆ ಅಲ್ಲಿ ಅಶೋಕನ ಶಾಸನ ಕಾಣಿಸಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದನ್ನು ಹೆಸರು ಸಮೇತ ಸಾಬೀತುಪಡಿಸಿದ ಶಾಸನ ಅದು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. 1954ರಲ್ಲಿ ಬಿ.ಕೆ. ಥಾಪರ್ ಅಲ್ಲಿ ಉತ್ಖನನ ನಡೆಸಿದರು. ವರದಿ 1957ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ‘ಏನ್ಶಿಯಂಟ್ ಇಂಡಿಯಾ’ದಲ್ಲಿ ಬಂತು. ಎರಡೂ ಸರ್ಕಾರದ ಪ್ರಕಟಣೆಗಳು. ಆಮೇಲಿನ ಸಂಶೋಧನೆ ನಿಧಾನವಾಗಿ ಪರದೇಶದ ವಿದ್ವತ್ಪತ್ರಿಕೆಗಳ ಕಡೆಗೆ ಸರಿಯಿತು. ಹಟ್ಟಿಯಲ್ಲಿ ಪುರಾತನರು 640 ಅಡಿಗಳ ಆಳಕ್ಕೆ ಇಳಿದು ಚಿನ್ನ ತೆಗೆದ ಬಗೆಯನ್ನೂ ಚರ್ಚಿಸುವ ಎಫ್.ಆರ್. ಆಲ್ಚಿನ್ನರ ಪ್ರಬಂಧ 1962ರಲ್ಲಿ ಅಚ್ಚಾದದ್ದು ಹಾಲೆಂಡಿನ ಬ್ರಿಲ್ ಸಂಸ್ಥೆಯ ಪತ್ರಿಕೆಯಲ್ಲಿ. ಮಸ್ಕಿಯ ಮೊತ್ತಮೊದಲ ರೇಡಿಯೋಕಾರ್ಬನ್ ಕಾಲನಿರ್ಣಯಗಳು 2015ರಲ್ಲಿ, ಶಾಸನ ಸಿಕ್ಕು ಸರಿಯಾಗಿ ನೂರು ವರ್ಷಕ್ಕೆ, ‘ರೇಡಿಯೋಕಾರ್ಬನ್’ ಎಂಬ ಪರದೇಶದ ಪತ್ರಿಕೆಯಲ್ಲೇ ಪ್ರಕಟವಾದವು. ನೆಲ ಇಲ್ಲಿನದು, ಅಗೆದ ಕೂಲಿಕಾರರು ಇಲ್ಲಿನವರು. ಅಗೆದಾಗ ತಿಳಿದದ್ದು ಮಾತ್ರ ಕಡಲಾಚೆಯ ಕಪಾಟಿಗೆ ಹೋಯಿತು.

ದೂರದ ಕಪಾಟು ರಾಯಚೂರಿಗೆ ಹೊಸದಲ್ಲ ಎಂಬುದನ್ನೂ ಹೇಳಬೇಕು. 1948ರವರೆಗೆ ಇದು ನಿಜಾಮರ ಸೀಮೆ. ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳನ್ನು ಒಟ್ಟುಗೂಡಿಸಿದ್ದು ಮೈಸೂರು ಮತ್ತು ಕೊಡಗಿನ ಮಟ್ಟಿಗೆ. ದೋಆಬಿನ ಕಲ್ಲುಗಳು ಅದರ ಹೊರಗೆ ಉಳಿದವು. ಇಲ್ಲಿನ ಚರಿತ್ರೆ ಬರೆಯುವವರು ಹೈದರಾಬಾದಿಗೆ ಹೋಗಬೇಕಿತ್ತು. 1956ರ ಏಕೀಕರಣದ ನಂತರ ಧಾರವಾಡ ಹತ್ತಿರವಾಯಿತು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂತು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಶಾಸನ ಸಂಪುಟಗಳ ಮಾಲೆಯಲ್ಲಿ ರಾಯಚೂರು ಜಿಲ್ಲೆಯನ್ನೂ ಸೇರಿಸಿಕೊಂಡಿತು. ಆ ಕಾಲದ ಅಡ್ಡಿ ದಾರಿಯದು. ರಾತ್ರಿ ಬಸ್ಸು ಹಿಡಿದು ಹೋಗಿ, ಗ್ರಂಥಪಾಲಕರನ್ನು ಒಲಿಸಿಕೊಂಡು, ನೋಟುಪುಸ್ತಕದಲ್ಲಿ ಬರೆದುಕೊಂಡರೆ, ಆಮೇಲೆ ಜೆರಾಕ್ಸ್ ಮಾಡಿಸಿಕೊಂಡರೆ ಕೆಲಸ ಆಗುತ್ತಿತ್ತು. ಈಗ ದಾರಿಯೇ ಇಲ್ಲ. ಪ್ರಬಂಧ ಅಂಗೈಯಲ್ಲೇ ಬಂದು ಕುಳಿತಿದೆ. ಒಲಿಸಿಕೊಳ್ಳಲು ಗ್ರಂಥಪಾಲಕರೂ ಎದುರಿಗಿಲ್ಲ.

ಈ ವ್ಯಾಪಾರದ ಒಳಸುಳಿ ಹೊರಗಿನವರಿಗೆ ಸುಲಭಕ್ಕೆ ನಂಬಿಕೆ ಹುಟ್ಟಿಸುವಂಥದಲ್ಲ. ವಿದ್ವತ್ಪತ್ರಿಕೆಯಲ್ಲಿ ಬರೆದವರಿಗೆ ಸಂಭಾವನೆ ಇಲ್ಲ. ಬಂದ ಪ್ರಬಂಧ ಅಚ್ಚಿಗೆ ಯೋಗ್ಯವೇ ಎಂದು ಪರಿಶೀಲಿಸಿ ಹೇಳುವ ಪರಿಣತರಿಗೂ ಸಾಮಾನ್ಯವಾಗಿ ಇಲ್ಲ. ಅವರಿಬ್ಬರ ಸಂಬಳ ಬರುವುದು ವಿಶ್ವವಿದ್ಯಾಲಯಗಳಿಂದ, ಅಂದರೆ ಬಹುಪಾಲು ತೆರಿಗೆಯ ಹಣದಿಂದ. ಹಾಗೆ ಸಿದ್ಧವಾದ ಪ್ರಬಂಧದ ಹಕ್ಕನ್ನು ಪ್ರಕಾಶಕರು ಬರೆಸಿಕೊಂಡು, ಅದನ್ನು ಅದೇ ವಿಶ್ವವಿದ್ಯಾಲಯಗಳ ಗ್ರಂಥಾಲಯಕ್ಕೆ ಮಾರುತ್ತಾರೆ. ರಾಯಚೂರಿನ ಗಂಜ್‌ಗೆ ರೈತನೊಬ್ಬ ಭತ್ತ ತಂದು ಪುಕ್ಕಟೆ ಸುರಿದು, ಹಮಾಲಿಯನ್ನೂ ತಾನೇ ಮಾಡಿ, ತೂಕವನ್ನೂ ತಾನೇ ನೋಡಿ, ಸಂಜೆಗೆ ಅದೇ ಭತ್ತದ ಅಕ್ಕಿಯನ್ನು ದುಬಾರಿ ಬೆಲೆಗೆ ಕೊಂಡು ಮನೆಗೆ ಹೋದಂತೆ. ದೊಡ್ಡ ಪ್ರಕಾಶಕರಲ್ಲಿ ಒಂದಾದ ಎಲ್ಸೆವಿಯರ್ ವರ್ಷ ವರ್ಷವೂ ಶೇ 30ಕ್ಕೆ ಮೀರಿದ ಲಾಭ ತೋರಿಸುತ್ತ ಬಂದಿರುವುದರ ಗುಟ್ಟು ಇಲ್ಲಿದೆ. ಸಂಪಾದನೆ, ಅಚ್ಚುಕಟ್ಟು, ಸಂರಕ್ಷಣೆಗೆ ಖರ್ಚಿಲ್ಲವೇ ಎಂದು ಪ್ರಕಾಶಕರು ಕೇಳುವುದುಂಟು. ಇದೆ. ಆದರೆ ಆ ಖರ್ಚಿಗೂ ಈ ಬೆಲೆಗೂ ತಾಳೆ ಹಾಕುವುದು ಕಷ್ಟ.

ಮೊದಲು ಹೀಗಿರಲಿಲ್ಲ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಆರಂಭಿಸಿದಾಗ ಉದ್ದೇಶ, ವಿದ್ವಾಂಸರ ಪತ್ರಗಳು ನಾಲ್ಕು ಜನಕ್ಕೆ ತಿಳಿಯಲಿ ಎಂಬುದು. ಬಹುಕಾಲ ಪತ್ರಿಕೆಗಳು ವಿದ್ವತ್ಸಂಘಗಳ ಕೈಯಲ್ಲೇ ಇದ್ದವು. ಎರಡನೆಯ ಮಹಾಯುದ್ಧದ ನಂತರ ಸಂಶೋಧನೆಗೆ ಸರ್ಕಾರಗಳ ಹಣ ಹರಿಯತೊಡಗಿದಾಗ, ಪರ್ಗಮನ್ ಪ್ರೆಸ್ಸಿನ ರಾಬರ್ಟ್ ಮ್ಯಾಕ್ಸ್‌ವೆಲ್‌ರಂಥ ಉದ್ಯಮಿಗಳು ಇದರಲ್ಲಿ ಲಾಭದ ವಾಸನೆ ಹಿಡಿದರು. ಒಂದು ಪ್ರಬಂಧಕ್ಕೆ ಬದಲಾಗಿ ಇನ್ನೊಂದನ್ನು ಓದಿಕೊಳ್ಳಿ ಎಂದು ಹೇಳಲಾಗದು; ಬೇಕಾದ್ದು ಅದೇ ಬೇಕು. ಆದ್ದರಿಂದ ಎಷ್ಟು ಬೆಲೆಯಾದರೂ ಗ್ರಂಥಾಲಯ ಕೊಡುತ್ತದೆ. 1991ರಲ್ಲಿ ಪರ್ಗಮನ್ ಎಲ್ಸೆವಿಯರ್ ಪಾಲಾಯಿತು. ವಿಚಿತ್ರವೆಂದರೆ ಅದೇ 1991ರಲ್ಲಿ ಅಮೆರಿಕದ ಭೌತವಿಜ್ಞಾನಿಗಳು ತಮ್ಮ ಪ್ರಬಂಧಗಳನ್ನು ಕಂಪ್ಯೂಟರ್ ಜಾಲದಲ್ಲಿ ಪುಕ್ಕಟೆ ಹಂಚುವ ಏರ್ಪಾಡನ್ನೂ ಆರಂಭಿಸಿದರು. 2002ರಲ್ಲಿ ಬುಡಾಪೆಸ್ಟ್ ಘೋಷಣೆ ಇದಕ್ಕೆ ‘ಮುಕ್ತ ಪ್ರವೇಶ’ದ ಚಳವಳಿಯ ರೂಪ ಕೊಟ್ಟಿತು.

ಕರ್ನಾಟಕ ಈ ಚಳವಳಿಯಲ್ಲಿ ಹಿಂದೆ ಬಿದ್ದಿರಲಿಲ್ಲ. ಅದೇ 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ತನ್ನ ವಿಜ್ಞಾನಿಗಳ ಪ್ರಬಂಧಗಳನ್ನು ಜಗತ್ತಿಗೆ ತೆರೆದಿಡುವ ಸಾಂಸ್ಥಿಕ ಭಂಡಾರವನ್ನು ಆರಂಭಿಸಿತು. ದೇಶದಲ್ಲಿ ಅದೇ ಮೊದಲನೆಯದು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳನ್ನು ಅಂತರಜಾಲದಲ್ಲಿ ಪುಕ್ಕಟೆ ಓದಲು ಬಿಟ್ಟಿತು. ಕೃಷಿ ವಿದ್ಯಾರ್ಥಿಗಳ ಪಾಲಿಗೂ ಒಂದಿಷ್ಟು ಅದೃಷ್ಟವಿತ್ತು. 2007ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಎಲ್ಲ ಕೃಷಿ ವಿಶ್ವವಿದ್ಯಾಲಯಗಳಿಗೂ ಸೇರಿ ಪತ್ರಿಕೆ ಕೊಳ್ಳುವ ಕೂಟವೊಂದನ್ನು ಕಟ್ಟಿತು. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ, ಸಿಂಧನೂರು ಭಾಗದ ಸವುಳು ಭೂಮಿಯ ಮೇಲೆ ಕೆಲಸ ಮಾಡುವ ರಾಯಚೂರು ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಅದರಿಂದ ಅನುಕೂಲವಾಯಿತು. ಇತಿಹಾಸ, ಕನ್ನಡ, ಸಮಾಜಶಾಸ್ತ್ರ ಓದುವವರಿಗೆ ಅಂಥ ಗಟ್ಟಿ ಕೂಟ ಒದಗಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಇನ್‌ಫ್ಲಿಬ್‌ನೆಟ್ ಕೇಂದ್ರ ಪದವಿ ಕಾಲೇಜುಗಳಿಗಾಗಿ ‘ಎನ್-ಲಿಸ್ಟ್’ ಎಂಬ ಯೋಜನೆಯನ್ನು ಅಲ್ಪ ಶುಲ್ಕಕ್ಕೆ ನಡೆಸಿತು. ಅದರ ಗುಪ್ತಪದ ಪಡೆದು ಬಳಸಬಹುದೆಂಬ ಸಂಗತಿ ಗ್ರಂಥಪಾಲಕರ ಹುದ್ದೆ ಖಾಲಿಯಿರುವ ಕಾಲೇಜಿನ ಹುಡುಗರಿಗೆ ಹೇಳುವವರು ಯಾರು?

ಇಲ್ಲಿ ಇನ್ನೊಂದು ತೊಡಕನ್ನು ತಿಳಿಯಬೇಕು. ಚಂದಾ ಕೊಟ್ಟ ಪತ್ರಿಕೆಗಳ ಬಾಗಿಲು ಮನುಷ್ಯರ ಮುಖ ನೋಡಿ ತೆರೆಯುವುದಿಲ್ಲ, ಕಂಪ್ಯೂಟರ್ ಜಾಲದ ವಿಳಾಸ ನೋಡಿ ತೆರೆಯುತ್ತದೆ. ವಿಶ್ವವಿದ್ಯಾಲಯದ ಆವರಣದಲ್ಲಿ ಕುಳಿತರೆ ಓದಬಹುದು. ಸಂಜೆ ಬಸ್ಸು ಹತ್ತಿ ಐವತ್ತು ಕಿಲೋಮೀಟರ್ ಆಚೆಯ ದೇವದುರ್ಗದ ಮನೆಗೆ ಹೋದರೆ ಅದೇ ಪ್ರಬಂಧ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದಲೂ ಪ್ರವೇಶಿಸುವ ವ್ಯವಸ್ಥೆಯನ್ನು ಇನ್‌ಫ್ಲಿಬ್‌ನೆಟ್ ರೂಪಿಸಿದೆ. ಸಂಸ್ಥೆ ಅದಕ್ಕೆ ಸೇರಿ, ವಿದ್ಯಾರ್ಥಿಗಳ ಹೆಸರು ನೋಂದಾಯಿಸಿದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಹಾಸ್ಟೆಲಿನಲ್ಲಿ ಇರುವವರಿಗಿಂತ ದಿನವೂ ಊರಿಂದ ಓಡಾಡುವವರಿಗೆ, ಅವರಲ್ಲೂ ಕತ್ತಲಾಗುವ ಮುಂಚೆ ಮನೆ ಸೇರಬೇಕಾದ ಹೆಣ್ಣುಮಕ್ಕಳಿಗೆ ಈ ಜಾಲದ ವಿಳಾಸದ ಷರತ್ತು ಬಿಗಿಯಾಗಿ ತಟ್ಟುತ್ತದೆ.

ಗೋಡೆ ಇದ್ದ ಕಡೆ ಕಿಂಡಿಯೂ ಇರುತ್ತದೆ. ಹೈದರಾಬಾದಿನಲ್ಲೋ ದೆಹಲಿಯಲ್ಲೋ ಓದುವ ಗೆಳೆಯನಿಗೆ ಹೇಳಿ ತರಿಸಿಕೊಳ್ಳುವುದು ಎಲ್ಲರೂ ಬಲ್ಲ ಉಪಾಯ. ನೇರವಾಗಿ ಲೇಖಕರಿಗೇ ಮಿಂಚಂಚೆ ಬರೆದರೆ ಬಹಳ ಮಂದಿ ಸಂತೋಷದಿಂದ ಪ್ರತಿ ಕಳಿಸುತ್ತಾರೆ. ಪ್ರಾಧ್ಯಾಪಕರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವ ಸಂಕೋಚ ಮುರಿಯಬೇಕು ಅಷ್ಟೆ. ಹಳೆಯ ಪತ್ರಿಕೆಗಳ ಭಂಡಾರವಾದ ‘ಜೆಸ್ಟೋರ್’ ಹೆಸರು ನೋಂದಾಯಿಸಿದ ಯಾರಿಗಾದರೂ ತಿಂಗಳಿಗೆ ನಿಗದಿತ ಸಂಖ್ಯೆಯ ಪ್ರಬಂಧಗಳನ್ನು ತೆರೆಯ ಮೇಲೆ ಓದಲು ಬಿಡುತ್ತದೆ. ದೇಶದ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ದಲ್ಲಿ ಪುಕ್ಕಟೆ ಸಿಗುತ್ತವೆ. ಇನ್ನು ಹಿಂಬಾಗಿಲು: ಕಜಾಖಸ್ತಾನದ ತರುಣಿ ಅಲೆಕ್ಸಾಂಡ್ರಾ ಎಲ್ಬಕ್ಯಾನ್ 2011ರಲ್ಲಿ ಆರಂಭಿಸಿದ ‘ಸೈ-ಹಬ್’. ಗೋಡೆಯ ಒಳಗಿನ ಕೋಟಿಗಟ್ಟಲೆ ಪ್ರಬಂಧಗಳನ್ನು ಅದು ಅನುಮತಿಯಿಲ್ಲದೆ ಹೊರಗೆ ಹರಡಿತು. 2020ರ ಡಿಸೆಂಬರಿನಲ್ಲಿ ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ದೆಹಲಿ ಹೈಕೋರ್ಟಿಗೆ ಹೋದವು. 2025ರ ಆಗಸ್ಟಿನಲ್ಲಿ ಭಾರತದಲ್ಲಿ ಅದನ್ನು ತಡೆಹಿಡಿಯಲು ಆದೇಶವಾಯಿತು. ಇದೇ ನ್ಯಾಯಾಲಯ 2016ರಲ್ಲಿ, ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಮೂರು ವಿದೇಶಿ ಪ್ರಕಾಶಕರು ಹೂಡಿದ್ದ ದಾವೆಯಲ್ಲಿ, ಪಾಠಕ್ಕೆಂದು ಪುಸ್ತಕದ ಭಾಗಗಳನ್ನು ನಕಲು ಮಾಡಿಕೊಡುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದು ಹೇಳಿತ್ತು. ಕಾಗದದ ನಕಲಿಗೆ ಕಾನೂನು ತೋರಿದ ದಾಕ್ಷಿಣ್ಯವನ್ನು ಇಡೀ ಜಗತ್ತಿಗೆ ಒಮ್ಮೆಗೇ ಹಂಚುವ ನಕಲಿಗೂ ತೋರುತ್ತದೆಂದು ನಿರೀಕ್ಷಿಸುವಂತಿಲ್ಲ.

ಪ್ರಬಂಧ ಹೇಗೋ ಸಿಕ್ಕಿತೆನ್ನಿ. ಅದು ಇಂಗ್ಲಿಷಿನಲ್ಲಿದೆ, ಅದರಲ್ಲೂ ವಿದ್ವಾಂಸರು ವಿದ್ವಾಂಸರಿಗಾಗಿ ಬರೆದ ಇಂಗ್ಲಿಷಿನಲ್ಲಿ. ಈ ಎರಡನೆಯ ಬೀಗದ ಮಾತು ಬಂದಾಗ ಇದೇ ತಾಲ್ಲೂಕುಗಳ ಇನ್ನೊಂದು ಚರಿತ್ರೆ ನೆನಪಾಗುತ್ತದೆ. ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಈ ಮೂವರೂ ಹದಿನೆಂಟನೆಯ ಶತಮಾನದಲ್ಲಿ ಮಾಡಿದ ಕೆಲಸವೇನು? ಸಂಸ್ಕೃತ ಬಲ್ಲವರ ಒಳಮನೆಯಲ್ಲಿದ್ದ ವೇದಾಂತವನ್ನು ಕನ್ನಡದ ಹಾಡಿಗೆ, ಷಟ್ಪದಿಗೆ ಇಳಿಸಿದ್ದು. ಜಗನ್ನಾಥದಾಸರ ‘ಹರಿಕಥಾಮೃತಸಾರ’ ಇವತ್ತಿಗೂ ಹೆಂಗಸರು ಮನೆಯಲ್ಲಿ ಪಾರಾಯಣ ಮಾಡುವ ಗ್ರಂಥ. ಈಟನ್ನರ ಪ್ರಬಂಧವನ್ನು, ಮಸ್ಕಿಯ ಕಾಲನಿರ್ಣಯವನ್ನು ಆ ಹದದಲ್ಲಿ ಕನ್ನಡಕ್ಕೆ ಇಳಿಸಿದರೆ ಬಡ್ತಿಯ ಲೆಕ್ಕದಲ್ಲಿ ಅಂಕ ಸಿಗದು ಎಂಬುದು ಅಧ್ಯಾಪಕರ ಅಳಲು. ಅದರಲ್ಲಿ ಹುರುಳಿಲ್ಲದೆ ಇಲ್ಲ.

ಹಣದ ಗೋಡೆಗೆ ಸರ್ಕಾರ ಈಚೆಗೆ ದೊಡ್ಡದೊಂದು ಬಾಗಿಲು ಕೊರೆದಿದೆ. ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. 2025ರ ಜನವರಿಯಿಂದ ಜಾರಿಗೆ ಬಂತು. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರು; ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಬೆಂಗಳೂರಿನ ಶ್ರೀಮಂತ ಸಂಸ್ಥೆಗೂ ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿಗೂ ಒಂದೇ ಕಪಾಟು ಎಂಬ ಕಲ್ಪನೆಯೇ ದೊಡ್ಡದು. ಹೈದರಾಬಾದ್ ಕರ್ನಾಟಕಕ್ಕೆ 371(ಜೆ) ವಿಧಿಯಿಂದ ಸೀಟು, ಹುದ್ದೆಗಳಲ್ಲಿ ಮೀಸಲಾತಿ ದೊರೆತರೂ ಪುಸ್ತಕದ ಕಪಾಟು ಸಮನಾಗಿರಲಿಲ್ಲ. ಈಗ ಕಾಗದದ ಮೇಲಾದರೂ ಸಮನಾಯಿತು.

ಆದರೆ ಯೋಜನೆಯ ಲೆಕ್ಕ ಸಂಸ್ಥೆಗಳದು, ಓದುಗರದಲ್ಲ. ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗಷ್ಟೇ ಸೀಮಿತ. ಖಾಸಗಿ ಕಾಲೇಜಿನ ವಿದ್ಯಾರ್ಥಿ ಮತ್ತು ಎಂ.ಎ. ಮುಗಿಸಿ ಮನೆಯಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವನು ಅದರ ಹೊರಗೆ. ನಿವೃತ್ತ ಮಾಸ್ತರರೊಬ್ಬರು ಊರ ಶಾಸನದ ಹಿಂದೆ ಬಿದ್ದರೆ ಅವರೂ ಹೊರಗೆ. ಸ್ಥಳೀಯ ಚರಿತ್ರೆಯ ಅರ್ಧದಷ್ಟು ಕೆಲಸ ಮಾಡಿದವರು ಇಂಥ ಮಾಸ್ತರರೇ ಎಂಬುದನ್ನು ಮರೆಯುವಂತಿಲ್ಲ. ಸಾರ್ವಜನಿಕ ಗ್ರಂಥಾಲಯಗಳ ಮೂಲಕ ಎಲ್ಲರಿಗೂ ತೆರೆಯುವ ಮಾತು ಯೋಜನೆಯ ಮುಂದಿನ ಹಂತಗಳ ಕಲ್ಪನೆಯಲ್ಲಿ ಸೇರಿತ್ತು. ಇನ್ನು ಕೆಲವು ಪತ್ರಿಕೆಗಳು ಓದುಗನ ಬದಲು ಲೇಖಕನಿಂದ ಹಣ ಪಡೆಯುತ್ತವೆ. ‘ನೇಚರ್’ 2021ರಲ್ಲಿ ನಿಗದಿ ಮಾಡಿದ ದರ ಪ್ರಬಂಧವೊಂದಕ್ಕೆ 9,500 ಯೂರೋ, ಅಂದರೆ ಎಂಟು ಲಕ್ಷ ರೂಪಾಯಿಗೂ ಮಿಕ್ಕು. ಓದುವ ಬೀಗ ತೆಗೆದು ಬರೆಯುವ ಬಾಗಿಲಿಗೆ ಹಾಕಿದಂತಾಯಿತು.

ಚಂದಾ ಎಂಬುದು ಬಾಡಿಗೆ ಮನೆ ಎನ್ನುವುದೂ ಇದೆ. ಮುದ್ರಿತ ಸಂಪುಟ ಕೊಂಡ ಗ್ರಂಥಾಲಯ ಮರುವರ್ಷ ಚಂದಾ ನಿಲ್ಲಿಸಿದರೂ, ಕೊಂಡ ಸಂಪುಟ ಕಪಾಟಿನಲ್ಲೇ ಇರುತ್ತಿತ್ತು. ಧೂಳು ಹೊಡೆದುಕೊಂಡು ಓದಬಹುದಿತ್ತು. ಅಂತರಜಾಲದ ಚಂದಾ ನಿಂತರೆ ಸಾಮಾನ್ಯವಾಗಿ ಬಾಗಿಲೂ ಮುಚ್ಚುತ್ತದೆ. ಸಂಪುಟ ಮಂಜೂರು ಮಾಡಿದ ಹಣ 2025, 2026 ಮತ್ತು 2027ನೇ ಸಾಲಿಗೆ. 2025ರ ಮುಂಗಾರಿನಲ್ಲಿ ದೇವದುರ್ಗದಲ್ಲೋ ಮಾನ್ವಿಯಲ್ಲೋ ಬಿ.ಎ.ಗೆ ಸೇರಿದ ಹುಡುಗಿ ಕೊನೆಯ ಸೆಮಿಸ್ಟರಿಗೆ ಬರುವುದು 2028ರಲ್ಲಿ.